ಬರೆದಿರುವುದು 150, ಬರುತ್ತಿರುವುದು 48

ವಿದ್ಯುತ್ ಕಾರಿನ ಫಾಸ್ಟ್ ಚಾರ್ಜರ್‌ನ ಮೈಮೇಲೆ 150 ಕಿಲೋವ್ಯಾಟ್ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಅದರ ಗನ್ (ಕೇಬಲಿನ ತುದಿಯ ಪ್ಲಗ್) ಕಾರಿಗೆ ಸಿಕ್ಕಿಸಿ ಪರದೆ ನೋಡಿದರೆ 48. ಯಂತ್ರ ಕೆಟ್ಟಿರಬೇಕು ಎಂದುಕೊಂಡು ಪಕ್ಕದ ಚಾರ್ಜರ್‌ಗೆ ಹೋದರೆ ಅಲ್ಲೂ 48! ಯಂತ್ರದ ತಪ್ಪೇನೂ ಇಲ್ಲ. ಎಷ್ಟು ವಿದ್ಯುತ್ ಬೇಕೆಂದು ಕ್ಷಣಕ್ಷಣಕ್ಕೂ ಕೇಳುವುದು ಕಾರು. ತನ್ನ ಮಿತಿ ಮೀರದಂತೆ ಅಷ್ಟನ್ನು ಕೊಡುವುದು ಚಾರ್ಜರ್. ಎರಡರಲ್ಲಿ ಯಾವುದರ ಮಿತಿ ಕಡಿಮೆಯೋ ಅದರ ಮಾತೇ ನಡೆಯುತ್ತದೆ.

ಕಿಲೋವ್ಯಾಟ್ ಎಂದರೆ ವಿದ್ಯುತ್ ಹರಿದು ಬರುವ ವೇಗ. ಬಿಲ್ಲಿನಲ್ಲಿ ಯೂನಿಟ್ ಎಂದು ಕಾಣುವ ಕಿಲೋವ್ಯಾಟ್-ಅವರ್, ಒಟ್ಟು ಬಂದದ್ದೆಷ್ಟು ಎಂಬ ಲೆಕ್ಕ. 60 ಯೂನಿಟ್ ಹಿಡಿಯುವ ಬ್ಯಾಟರಿಯನ್ನು ಶೇಕಡಾ 20ರಿಂದ 80ಕ್ಕೆ ಏರಿಸಲು 36 ಯೂನಿಟ್ ಬೇಕು. 230 ವೋಲ್ಟ್, 15 ಆಂಪಿಯರ್‌ನ ಸಾಕೆಟ್‌ನಿಂದ ಮೂರು ಚಿಲ್ಲರೆ ಕಿಲೋವ್ಯಾಟ್ ಸಿಗುವುದರಿಂದ, ದಾರಿಯಲ್ಲಿ ಪೋಲಾಗುವುದೂ ಸೇರಿ ಹೆಚ್ಚೂಕಡಿಮೆ 12 ಗಂಟೆ ಹಿಡಿಯುತ್ತದೆ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಪೆಟ್ಟಿಗೆಯಾದರೆ ಐದೂವರೆ ಗಂಟೆ. 50 ಕಿಲೋವ್ಯಾಟ್ ಒಂದೇ ಸಮನೆ ಬಂದರೆ ಮುಕ್ಕಾಲು ಗಂಟೆ ಸಾಕು.

ಆ ಗೋಡೆಯ ಪೆಟ್ಟಿಗೆಯನ್ನು ಚಾರ್ಜರ್ ಎಂದು ಕರೆದರೂ ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಸಾಕೆಟ್‌ನಲ್ಲಿ ಬರುವುದು ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ವಿದ್ಯುತ್), ಬ್ಯಾಟರಿಗೆ ಬೇಕಿರುವುದು ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ವಿದ್ಯುತ್). ಕಾರಿನೊಳಗಿನ ಚಾರ್ಜರ್ ಅದನ್ನು ಬದಲಿಸಿಕೊಡುತ್ತದೆ. ಅದರ ಸಾಮರ್ಥ್ಯ 7.2 ಆಗಿದ್ದರೆ 22 ಕಿಲೋವ್ಯಾಟ್‌ನ ಎಸಿ ಕಂಬಕ್ಕೆ ಜೋಡಿಸಿದರೂ ಬರುವುದು 7.2 ಮಾತ್ರ. ಡಿಸಿ ಫಾಸ್ಟ್ ಚಾರ್ಜರ್‌ನಲ್ಲಿ ಈ ಬದಲಾವಣೆ ಹೊರಗಿನ ದೊಡ್ಡ ಯಂತ್ರದಲ್ಲೇ ಮುಗಿದು ವಿದ್ಯುತ್ ನೇರ ಬ್ಯಾಟರಿಗೆ ಹೋಗುತ್ತದೆ.

ಹಾಗಿದ್ದರೆ ಅಲ್ಲೂ ವೇಗ ಇಳಿಯುವುದೇಕೆ? ನನಗೆ ಇಡೀ ವಿಷಯದಲ್ಲಿ ತುಂಬ ಸೊಗಸಾಗಿ ಕಾಣುವುದು ಇದೇ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ಬ್ಯಾಟರಿಯ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಯ ಗ್ರಾಫೈಟ್ ಪದರಗಳ ನಡುವೆ ನುಸುಳಿ ಕೂರುತ್ತವೆ. ಮೊದಮೊದಲು ಬಂದವಕ್ಕೆ ಜಾಗ ಧಾರಾಳ. ತುಂಬುತ್ತಾ ಹೋದಂತೆ ಖಾಲಿ ಜಾಗ ಸಿಗುವುದು ತಡವಾಗುತ್ತದೆ. ಆಗಲೂ ಅದೇ ರಭಸದಲ್ಲಿ ನುಗ್ಗಿಸಿದರೆ ಒಳಗೆ ಹೋಗಲಾರದ ಲಿಥಿಯಂ ಗ್ರಾಫೈಟಿನ ಮೇಲೆಯೇ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಹಾಗೆ ಮೆತ್ತಿಕೊಂಡದ್ದರಲ್ಲಿ ಒಂದಷ್ಟು ಮತ್ತೆಂದೂ ಕೆಲಸಕ್ಕೆ ಬಾರದು, ಬ್ಯಾಟರಿಯ ಆಯಸ್ಸು ಅಷ್ಟು ಕಡಿಮೆಯಾದಂತೆ. ಆದ್ದರಿಂದ ಕಾರು ತಾನಾಗಿಯೇ ಬೇಡಿಕೆ ತಗ್ಗಿಸುತ್ತದೆ. ಪರದೆಯ ಮುಂದೆ ನಿಂತು ನೋಡಿ: ಶೇಕಡಾ 80 ದಾಟುತ್ತಿದ್ದಂತೆ ಕಿಲೋವ್ಯಾಟ್ ಸಂಖ್ಯೆ ಮೆಟ್ಟಿಲಿಳಿದಂತೆ ಇಳಿಯುತ್ತದೆ. ಅನೇಕ ಕಾರುಗಳಲ್ಲಿ 10ರಿಂದ 80ಕ್ಕೆ ಏರಲು ಹಿಡಿದಷ್ಟೇ ಹೊತ್ತು 80ರಿಂದ 100ಕ್ಕೂ ಬೇಕಾಗುತ್ತದೆ. ಬ್ಯಾಟರಿ ತಣ್ಣಗಿದ್ದರೆ ಅಯಾನುಗಳ ಓಡಾಟವೇ ಮಂದ, ಹೀಗಾಗಿ ಚಳಿಯಲ್ಲಿ ಮೊದಲಿನಿಂದಲೇ ವೇಗ ಕಡಿಮೆ.

ಶಾಖದ ತೊಡಕೂ ಇದೆ. ಕೇಬಲಿನಲ್ಲಿ ಹರಿಯುವ ಕರೆಂಟ್, ಅಂದರೆ ಆಂಪಿಯರ್, ಎರಡು ಪಟ್ಟಾದರೆ ಹುಟ್ಟುವ ಬಿಸಿ ನಾಲ್ಕು ಪಟ್ಟು. ಅದಕ್ಕಾಗಿಯೇ ಕೆಲವು ಹೊಸ ಕಾರುಗಳಲ್ಲಿ 400ರ ಬದಲು 800 ವೋಲ್ಟ್ ವ್ಯವಸ್ಥೆ ಇರುತ್ತದೆ. ವೋಲ್ಟ್ ಹೆಚ್ಚಿದ್ದರೆ ಅಷ್ಟೇ ಕರೆಂಟಿನಲ್ಲಿ ಹೆಚ್ಚು ಕಿಲೋವ್ಯಾಟ್ ಸಾಗುತ್ತದೆ: 250 ಆಂಪಿಯರ್‌ಗೆ ಮೊದಲನೆಯದರಲ್ಲಿ 100 ಕಿಲೋವ್ಯಾಟ್, ಎರಡನೆಯದರಲ್ಲಿ 200.

ಇನ್ನು ಖರ್ಚು. ಮನೆಯ ದರಕ್ಕಿಂತ ಸಾರ್ವಜನಿಕ ಫಾಸ್ಟ್ ಚಾರ್ಜರ್‌ನ ದರ ಎರಡು ಮೂರು ಪಟ್ಟು ಇರುವುದು ಅಪರೂಪವಲ್ಲ. ಅದನ್ನು ಬರೀ ಸುಲಿಗೆ ಎನ್ನಲಾಗದು. ದುಬಾರಿ ಯಂತ್ರ, ಟ್ರಾನ್ಸ್‌ಫಾರ್ಮರ್, ಜಾಗದ ಬಾಡಿಗೆಯ ಜೊತೆಗೆ, ತಿಂಗಳಲ್ಲಿ ಒಮ್ಮೆ ಮುಟ್ಟಿದ ಗರಿಷ್ಠ ಬೇಡಿಕೆಗೆ ವಿದ್ಯುತ್ ಕಂಪನಿ ಕೆಲವೆಡೆ ಹಾಕುವ ಶುಲ್ಕವೂ ಆ ದರದಲ್ಲಿ ಸೇರಿರುತ್ತದೆ. ದಿನದಲ್ಲಿ ಎರಡೇ ಕಾರು ಬಂದರೂ ಈ ಹೊರೆ ತಪ್ಪುವುದಿಲ್ಲ.

ಮನೆಯಲ್ಲಿ ಮೀಟರ್ 40 ಯೂನಿಟ್ ತೋರಿಸಿದರೆ ಬ್ಯಾಟರಿ ಸೇರುವುದು 36ರ ಆಸುಪಾಸು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನಿಮ್ಮ ಕಾರು ಯೂನಿಟ್ಟಿಗೆ 6 ಕಿಲೋಮೀಟರ್ ಓಡುತ್ತದೆ ಎನ್ನಿ. ಆ 36 ಯೂನಿಟ್ಟಿಗೆ ಓಟ 216 ಕಿಲೋಮೀಟರ್, ಆದರೆ ಹಣ ಕಟ್ಟುವುದು 40ಕ್ಕೆ. ಕಿಲೋಮೀಟರಿಗೆ ತಗಲುವ ವೆಚ್ಚವನ್ನು ಹೀಗೆ ಮೀಟರಿನಿಂದ ಲೆಕ್ಕ ಹಾಕಬೇಕು, ಡ್ಯಾಶ್‌ಬೋರ್ಡಿನಿಂದಲ್ಲ. ಯೂನಿಟ್ಟಿನ ಬದಲು ನಿಮಿಷಕ್ಕೆ ಹಣ ಪಡೆಯುವ ಕಡೆಗಳೂ ಇವೆ. ಅಲ್ಲಿ ನಿಧಾನಕ್ಕೆ ಕುಡಿಯುವ ಕಾರಿನವರು ಅದೇ ವಿದ್ಯುತ್ತಿಗೆ ಹೆಚ್ಚು ಕೊಡುತ್ತಾರೆ. ಕೊನೆಯ ಶೇಕಡಾ 20ರ ಒಂದೊಂದು ಯೂನಿಟ್ಟೂ ಮೊದಲಿನದಕ್ಕಿಂತ ಹಲವು ಪಟ್ಟು ತುಟ್ಟಿಯಾಗುತ್ತದೆ.