ಶತ್ರುವಿಗೂ ಮದ್ದು: ಚರಕರ ಪಾಠದ ಪಕ್ಕದಲ್ಲಿ ರಾಕ್‌ಬೆಲ್ ದಂಪತಿ

ಚರಕ ಸಂಹಿತೆಯ ವಿಮಾನಸ್ಥಾನ ಅನ್ನುವ ಭಾಗದ ಎಂಟನೇ ಅಧ್ಯಾಯದಲ್ಲಿ ಗುರು ಹೊಸ ಶಿಷ್ಯನಿಗೆ ಹೇಳುವ ಮಾತುಗಳಿವೆ. ರೋಗಿ ಗುಣವಾಗಲಿ ಅಂತ ಮನಸ್ಸಿಟ್ಟು ದುಡಿಯಬೇಕು. ತನ್ನ ಜೀವ ಉಳಿಸಿಕೊಳ್ಳಲಿಕ್ಕೂ ರೋಗಿಗೆ ಕೇಡು ಮಾಡಬಾರದು. ರೋಗಿಯ ಮನೆಯ ವಿಷಯ ಹೊರಗೆ ಆಡಬಾರದು. ಇಲ್ಲಿವರೆಗೆ ಯಾರಿಗೂ ತಕರಾರಿಲ್ಲ. ಆಮೇಲೆ ಬರುತ್ತದೆ ನೋಡಿ: ರಾಜನನ್ನು ದ್ವೇಷಿಸುವವರಿಗೆ, ರಾಜನೇ ದ್ವೇಷಿಸುವವರಿಗೆ, ಊರಿಗೆ ಬೇಡವಾದವರಿಗೆ ಮದ್ದು ಕೊಡಬೇಡ.

ಶಿವಮೊಗ್ಗದಲ್ಲಿ ನಮ್ಮ ಜೊತೆ ಆಯುರ್ವೇದ ಓದುವ ಜೂನಿಯರ್‌ಗಳು ಈ ಸಾಲಿಗೆ ಬಂದಾಗ ಕೇಳುವುದು ಒಂದೇ. "ಅಕ್ಕಾ, ಇದು ಅನ್ಯಾಯ ಅಲ್ವಾ?" ಆಗಿನ ವೈದ್ಯ ರಾಜನ ಆಶ್ರಯದಲ್ಲಿ ಬದುಕುತ್ತಿದ್ದ, ರಾಜನ ಶತ್ರುವನ್ನು ಮುಟ್ಟಿದರೆ ಅವನ ತಲೆಯೂ ಹೋಗಬಹುದಿತ್ತು ಅಂತ ಹೇಳಿ ಮುಗಿಸಬಹುದು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ನಿಯಮ ಮುರಿದವರ ಕಥೆ ಒಂದಿದೆ. ಅದನ್ನು ಪಕ್ಕದಲ್ಲಿಟ್ಟು ಓದಿದರೆ ಪ್ರಶ್ನೆಯ ಆಳ ಗೊತ್ತಾಗುತ್ತದೆ. ಹಿರೋಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’. ಜಪಾನಿನ ಮಾಂಗಾ, 2001ರಿಂದ 2010ರವರೆಗೆ ಬಂತು, 27 ಸಂಪುಟ. ಕಾಮಿಕ್ಸ್ ಅಂತ ಮೂಗು ಮುರಿಯಬೇಡಿ. ನರಮೇಧ, ಹೆಣದ ಮೇಲೆ ಪ್ರಯೋಗ, ಜೀವ ಹಿಂಡಿ ಮಾಡಿದ ಮಾಯದ ಕಲ್ಲು, ಎಲ್ಲ ಇದೆ. ಓದದವರಿಗೆ ಎಚ್ಚರಿಕೆ: ಮುಂದೆ ಕಥೆ ಪೂರ್ತಿ ಬಿಚ್ಚಿಡುತ್ತಿದ್ದೇನೆ.

ಅಮೆಸ್ಟ್ರಿಸ್ ಅನ್ನುವ ದೇಶ ತನ್ನದೇ ಒಳಗಿನ ಇಷ್ವಾಲ್ ಜನರ ಮೇಲೆ ಸೈನ್ಯ ಬಿಡುತ್ತದೆ. ಯೂರಿ ಮತ್ತು ಸಾರಾ ರಾಕ್‌ಬೆಲ್ ಗಂಡ ಹೆಂಡತಿ, ಇಬ್ಬರೂ ಡಾಕ್ಟರು, ಇಬ್ಬರೂ ಅಮೆಸ್ಟ್ರಿಸ್‌ನವರು. ಅಂಥವರು ಹೋಗಿ ಗಾಯಗೊಂಡ ಇಷ್ವಾಲ್ ಜನರಿಗೆ ಚಿಕಿತ್ಸೆ ಕೊಡುತ್ತಾರೆ. ರಾಜನು ದ್ವೇಷಿಸುವವರು ಅಂದರೆ ಇವರೇ ತಾನೆ? ಹೊರಡುವ ಅವಕಾಶ ಇದ್ದಾಗಲೂ ರೋಗಿಗಳನ್ನು ಬಿಟ್ಟು ಹೊರಡುವುದಿಲ್ಲ. ಒಂದು ದಿನ ಅವರೇ ಉಳಿಸಿದ ಇಷ್ವಾಲ್ ಯುವಕನೊಬ್ಬನಿಗೆ ಎಚ್ಚರವಾಗುತ್ತದೆ. ಸಾಯುತ್ತಿದ್ದ ಅಣ್ಣ ತನ್ನ ತೋಳನ್ನು ಇವನಿಗೆ ಜೋಡಿಸಿರುತ್ತಾನೆ. ಮನೆಯವರನ್ನೆಲ್ಲ ಕಳೆದುಕೊಂಡ ಇವನ ಎದುರಿಗೆ ಕಾಣುವುದು ಕೊಂದವರ ಕುಲದ ಮುಖ. ಆ ಉನ್ಮಾದದಲ್ಲಿ ಆ ಇಬ್ಬರು ಡಾಕ್ಟರನ್ನೂ ಕೊಂದುಬಿಡುತ್ತಾನೆ. ಮುಂದೆ ಇವನೇ ಸ್ಕಾರ್, ಸರ್ಕಾರದ ಆಲ್ಕೆಮಿಸ್ಟ್‌ಗಳನ್ನು (ಸೈನ್ಯಕ್ಕೆ ದುಡಿಯುವ ರಸವಿದ್ಯೆಯವರನ್ನು) ಹುಡುಕಿ ಹುಡುಕಿ ಕೊಲ್ಲುವವನು.

ಈಗ ಲೆಕ್ಕ ಹಾಕಿ. ಅವತ್ತು ಸ್ಕಾರ್‌ನನ್ನು ಉಳಿಸದೇ ಇದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು? ಫಲ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಗೆ ದೇಶ ಉಳಿಯುವುದಕ್ಕೂ ಇದೇ ಸ್ಕಾರ್ ಬೇಕಾಗುತ್ತಾನೆ. ಹಾಗಾದರೆ ರಾಕ್‌ಬೆಲ್ ದಂಪತಿ ಮೊದಲು ಕೆಟ್ಟವರಾಗಿದ್ದು, ಕೊನೆಯ ಸಂಪುಟದ ಹೊತ್ತಿಗೆ ಒಳ್ಳೆಯವರಾದರಾ? ಸತ್ತವರ ಗುಣ ಹೀಗೆ ಅಡಿಕೆ ರೇಟಿನ ಹಾಗೆ ಏರಿಳಿಯುವುದು ಅಂದರೆ ತಮಾಷೆಯೇ. ನಮ್ಮ ಕೈಯಲ್ಲಿಲ್ಲದ ಸಂಗತಿಗಳಿಂದ ನಮ್ಮನ್ನು ಅಳೆಯುವ ಈ ಸಮಸ್ಯೆಗೆ ನೈತಿಕ ಅದೃಷ್ಟ ಎನ್ನುತ್ತಾರೆ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಇದರ ಬಗ್ಗೆ ಬರೆದರು. ನೀತಿಶಾಸ್ತ್ರದ ಪೇಪರ್ ಇರುವವರು ಈ ಎರಡು ಹೆಸರು ನೆನಪಿಟ್ಟುಕೊಳ್ಳಿ.

ನನ್ನ ಉತ್ತರ ಇಷ್ಟು. ಅವರ ಒಳ್ಳೆಯತನ ಇದ್ದದ್ದು ಆ ಗಾಯ ಮುಟ್ಟಿದ ಹೊತ್ತಿನಲ್ಲಿ. "ಇವನು ಯಾರು, ಬದುಕಲಿಕ್ಕೆ ಯೋಗ್ಯನಾ" ಅಂತ ಅವರು ತೂಗಲಿಲ್ಲ. ಮುಂದೆ ಆಗಿದ್ದು ಸ್ಕಾರ್‌ನ ಲೆಕ್ಕಕ್ಕೆ.

ನಮ್ಮ ಮಲೆನಾಡಿನಲ್ಲಿ ಇದು ಬರೀ ಕಥೆಯಲ್ಲ. ಕಾಡುಹಂದಿಗೆ ಅಂತ ಮಾಡಿದ ಸಿಡಿಮದ್ದು ಮಾಡಿದವನ ಕೈಯಲ್ಲೇ ಸಿಡಿಯುವುದುಂಟು. ಬೆರಳು ಹಾರಿಹೋದವನನ್ನು ಜೀಪಿನಲ್ಲಿ ಹಾಕಿಕೊಂಡು ಬರುತ್ತಾರೆ. ಬೇಟೆ ಅಪರಾಧ, 1972ರ ವನ್ಯಜೀವಿ ಕಾಯ್ದೆ ಇದೆ. ಆದರೂ ಮೊದಲು ರಕ್ತ ನಿಲ್ಲಿಸಬೇಕು, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ) ಬರೆದು ಪೊಲೀಸರಿಗೆ ತಿಳಿಸುವುದು ಆಮೇಲೆ. 1989ರಲ್ಲಿ ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದೇ. ಬಂದವನು ನಿರಪರಾಧಿಯೇ ಆಗಿರಲಿ, ಶಿಕ್ಷೆಗೆ ತಕ್ಕವನೇ ಆಗಿರಲಿ, ಜೀವ ಉಳಿಸುವುದು ವೈದ್ಯರ ಕೆಲಸ. ಅಪರಾಧಿಗೆ ಶಿಕ್ಷೆ ಆಗಬೇಕಾದರೂ ಅವನು ಬದುಕಿರಬೇಕಲ್ಲ! ಚರಕರ ಆ ಸಾಲು ನಮ್ಮ ಕಾನೂನಿನಲ್ಲಿ ಈಗ ಹೀಗೆ ತಿರುಗಿ ನಿಂತಿದೆ.

ಹಾಗಂತ ಪ್ರಶ್ನೆ ಕೇಳುವುದೇ ತಪ್ಪು ಅಂದುಕೊಳ್ಳಬೇಡಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ರಕ್ತ ಹೀರುವ ಉಣುಗಿನಿಂದ. ಜ್ವರ ಅಂತ ಬಂದವರಿಗೆ "ಕಾಡಿಗೆ ಹೋಗಿದ್ರಾ? ದರಗು (ಒಣಗಿದ ಎಲೆ) ತರಲಿಕ್ಕೆ ಹೋಗಿದ್ರಾ? ಮಂಗ ಸತ್ತಿದ್ದು ಕಂಡ್ರಾ?" ಅಂತ ಕೇಳಲೇಬೇಕು. ಅದೇ ಪ್ರಶ್ನೆಯನ್ನು "ರಿಸರ್ವ್ ಫಾರೆಸ್ಟ್‌ಗೆ ಯಾಕೆ ಹೋದೆ" ಅನ್ನುವ ದನಿಯಲ್ಲಿ ಕೇಳಿ ನೋಡಿ, ರೋಗಿ ಸುಳ್ಳು ಹೇಳುತ್ತಾನೆ. ರೋಗ ಗುರುತಿಸುವುದು ತಡವಾಗುತ್ತದೆ. ತೀರ್ಪು ಕೊಡದೆ ಕೇಳುವುದು ಕರುಣೆಯೂ ಹೌದು, ಒಳ್ಳೆಯ ರೋಗಪರೀಕ್ಷೆಯೂ ಹೌದು. ಇದನ್ನು ಪುಸ್ತಕಕ್ಕಿಂತ ಜಾಸ್ತಿ ಫೀಲ್ಡ್ ಪೋಸ್ಟಿಂಗ್‌ನಲ್ಲಿ ಕಲಿಯುತ್ತೀರಿ.

ಮತ್ತೆ ಕಥೆಗೆ. ರಾಕ್‌ಬೆಲ್ ದಂಪತಿಯ ಮಗಳು ವಿನ್ರಿ. ಕೃತಕ ಕೈಕಾಲು ಮಾಡುವವಳು. ಅಪ್ಪ ಅಮ್ಮನನ್ನು ಕೊಂದವನು ಎದುರಿಗೇ ಇದ್ದಾನೆ ಅಂತ ಗೊತ್ತಾದಾಗ ಬಂದೂಕು ಎತ್ತುತ್ತಾಳೆ, ಗುಂಡು ಹಾರಿಸಲಾಗುವುದಿಲ್ಲ. ಅವಳ ಕೈ ಕೊಲ್ಲಲಿಕ್ಕೆ ಇರುವುದಲ್ಲ ಅಂತ ಕಥಾನಾಯಕ ಎಡ್ವರ್ಡ್ ಹೇಳುತ್ತಾನೆ. ತುಂಬ ಜನ ಮೆಚ್ಚುವುದು ಈ ದೃಶ್ಯವನ್ನೇ. ನನಗೆ ಅದಕ್ಕಿಂತ ಮುಖ್ಯ, ಎಷ್ಟೋ ಅಧ್ಯಾಯ ಕಳೆದು ಹಿಮದ ನಾಡಿನಲ್ಲಿ ಬರುವ ಇನ್ನೊಂದು. ಸ್ಕಾರ್‌ನ ಗಾಯಕ್ಕೆ ವಿನ್ರಿ ಬ್ಯಾಂಡೇಜ್ ಕಟ್ಟುತ್ತಾಳೆ. ಅಪ್ಪ ಅಮ್ಮ ಇದ್ದಿದ್ದರೆ ಹೀಗೇ ಮಾಡುತ್ತಿದ್ದರು ಅನ್ನುವುದು ಅವಳ ಕಾರಣ. ಕ್ಷಮಿಸಿದೆಯಾ ಅಂತ ಅವನು ಕೇಳಿದರೆ, ಇಲ್ಲ ಅನ್ನುತ್ತಾಳೆ.

ಈ "ಇಲ್ಲ" ಇದೆಯಲ್ಲ, ಅದರ ಬಗ್ಗೆ ನಮ್ಮ ಗುಂಪಿನಲ್ಲಿ ಜಗಳವೇ ಆಯಿತು. ಕ್ಷಮೆ ಇಲ್ಲದ ಕರುಣೆ ಎಂಥ ಕರುಣೆ ಅಂತ ಕೆಲವರ ವಾದ. ನಾನು ಒಪ್ಪುವುದಿಲ್ಲ. ಕ್ಷಮಿಸಿದ ಮೇಲೆ ಗಾಯ ಕಟ್ಟುವುದು ಅಷ್ಟೇನೂ ಕಷ್ಟವಲ್ಲ. ಕೋಪ ಒಳಗೆ ಕುದಿಯುತ್ತಿರುವಾಗ, ಕೈ ಒರಟಾಗದ ಹಾಗೆ ಪಟ್ಟಿ ಸುತ್ತುವುದು ಕಷ್ಟ. ಕ್ಷಮೆ ಅವಳ ಸ್ವಂತದ್ದು. ಕೊಡಬಹುದು, ಬಿಡಬಹುದು, ಯಾರೂ ಕೇಳುವ ಹಾಗಿಲ್ಲ. ಚಿಕಿತ್ಸೆ ಹಾಗಲ್ಲ. "ಕರುಣಾಮಯಿ" ಅಂತ ಸುಮ್ನೆ ಬರೆದು ಅವಳನ್ನು ದೇವತೆ ಮಾಡಿದರೆ ಈ ಕೋಪವೇ ಕಾಣದೆ ಹೋಗುತ್ತದೆ.

ಕಥೆಯಲ್ಲಿ ಇನ್ನೂ ಇಬ್ಬರು ಡಾಕ್ಟರಿದ್ದಾರೆ. ನಾಕ್ಸ್ ಇಷ್ವಾಲ್ ಯುದ್ಧದಲ್ಲಿ ಸುಟ್ಟ ದೇಹಗಳ ಮೇಲೆ ಸಂಶೋಧನೆ ಮಾಡಿದವನು. ಆಮೇಲೆ ತನ್ನನ್ನು ಡಾಕ್ಟರ್ ಅಂತ ಕರೆದುಕೊಳ್ಳಲಿಕ್ಕೂ ಹಿಂಜರಿಯುತ್ತಾನೆ. ತೋಳು ಕಳೆದುಕೊಂಡ ಲಾನ್ ಫ್ಯಾನ್ ಅನ್ನುವ ಹುಡುಗಿಗೆ ಗೊಣಗುತ್ತಲೇ ಚಿಕಿತ್ಸೆ ಮಾಡುವುದೂ ಅವನೇ. ಅವನ ಬಗ್ಗೆ ಇಷ್ಟು ಸಾಕು.

ಮಾರ್ಕೋ ನಿಜವಾದ ತಲೆನೋವು. ಇಷ್ವಾಲ್ ಜನರ ಜೀವದಿಂದ ಆ ಮಾಯದ ಕಲ್ಲು ಮಾಡಿದ್ದು ಇವನು. ಪಶ್ಚಾತ್ತಾಪವಾಗಿ ಓಡಿಹೋಗಿ, ಬೇರೆ ಹೆಸರಿನಲ್ಲಿ ಹಳ್ಳಿಯ ಡಾಕ್ಟರಾಗುತ್ತಾನೆ. ಊರಿನವರಿಗೆ ದೇವರಂಥ ಮನುಷ್ಯ. ಕೈಬಿಟ್ಟ ರೋಗಿಗಳನ್ನೂ ಬದುಕಿಸುತ್ತಾನೆ, ಕದ್ದು ತಂದ ಅದೇ ಕಲ್ಲಿನಿಂದ. ಗುಣವಾದ ರೋಗಿಗೆ ಅದರಲ್ಲಿ ಯಾರ ಜೀವ ಇದೆ ಅಂತ ಗೊತ್ತಿಲ್ಲ. ಕರುಣೆ ಸುಳ್ಳಲ್ಲ, ಸಾಧನ ಮಾತ್ರ ಹೆಣದ್ದು. ಕೊನೆಯಲ್ಲಿ, ಕುರುಡಾದ ಸೇನಾಧಿಕಾರಿ ಮಸ್ಟಾಂಗ್‌ನ ಕಣ್ಣು ಗುಣಪಡಿಸಲು ಮತ್ತೆ ಕಲ್ಲನ್ನೇ ಬಳಸಲು ಮುಂದೆ ಬರುತ್ತಾನೆ, ಆದರೆ ಷರತ್ತಿನ ಮೇಲೆ: ಇಷ್ವಾಲ್ ಜನರಿಗೆ ಅವರ ನೆಲ ವಾಪಸ್ ಸಿಗಬೇಕು, ತನ್ನನ್ನು ಅಲ್ಲಿ ಡಾಕ್ಟರಾಗಿ ಇರಲು ಬಿಡಬೇಕು. ಸತ್ತವರ ಜೀವ ಖರ್ಚು ಮಾಡುವಾಗ ಅವರ ಕಡೆಯವರಿಗೆ ಏನಾದರೂ ಸಲ್ಲಲಿ ಅನ್ನುವ ಯೋಚನೆ ಹಳ್ಳಿಯಲ್ಲಿದ್ದಾಗ ಅವನಿಗೆ ಹೊಳೆದಿರಲಿಲ್ಲ. ಅವನು ಒಳ್ಳೆಯ ವೈದ್ಯನಾ? ರಾಕ್‌ಬೆಲ್ ದಂಪತಿಗೆ ಕೊಟ್ಟಷ್ಟು ಸುಲಭವಾಗಿ ನಾನು ಹೌದು ಅನ್ನಲಾರೆ.

ಆನಿಮೆ (ಜಪಾನಿನ ಅನಿಮೇಶನ್ ಸರಣಿ) ನೋಡಿ ಚರ್ಚೆಗೆ ಬರುವವರಿಗೆ ಒಂದು ಮಾತು. 2003ರ 51 ಕಂತುಗಳ ಸರಣಿ ಬೇರೆ, 2009ರ ‘ಬ್ರದರ್‌ಹುಡ್’ ಬೇರೆ. ಮೇಲೆ ಬರೆದದ್ದೆಲ್ಲ ಮಾಂಗಾ ಮತ್ತು ಎರಡನೆಯದರ ಕಥೆ. 2003ರದ್ದರಲ್ಲಿ ಡಾಕ್ಟರ್ ದಂಪತಿಯನ್ನು ಕೊಲ್ಲುವುದು ಸ್ಕಾರ್ ಅಲ್ಲ, ಮೇಲಿನವರ ಆಜ್ಞೆಗೆ ತಲೆಬಾಗಿದ ಮಸ್ಟಾಂಗ್. ಶತ್ರುವಿಗೆ ಮದ್ದು ಕೊಟ್ಟದ್ದೇ ಅವರ ಅಪರಾಧ. ಚರಕರ ಸಾಲಿಗೆ ಇದು ಇನ್ನೂ ಹತ್ತಿರ, ಆದರೆ ಬ್ಯಾಂಡೇಜಿನ ಪ್ರಶ್ನೆ ಅಲ್ಲಿ ಸಿಗುವುದಿಲ್ಲ. ಸಮಯ ಇದ್ದರೆ ಎರಡನ್ನೂ ನೋಡಿ.