ಕಟ್ಟು ಕುಡಿದು ಕಾಳು ಬಿಟ್ಟರೆ ಹೇಗೆ?

ತಪಸ್ಸು ಕಾಲ ಶುರುವಾದರೆ ಶಿವಮೊಗ್ಗದ ನಮ್ಮ ಮನೆಯಲ್ಲಿ ಮಾಂಸ, ಮೀನು ಎರಡೂ ಬಂದ್. ಕಥೋಲಿಕ ಧರ್ಮಸಭೆಯ ನಿಯಮ ಅಷ್ಟು ಬಿಗಿಯಾಗಿಲ್ಲ. ಬೂದಿ ಬುಧವಾರ ಮತ್ತು ಶುಕ್ರವಾರಗಳಲ್ಲಿ ಮಾಂಸ ಬಿಟ್ಟರೆ ಆಯಿತು, ಮೀನಿಗೆ ಅಡ್ಡಿಯಿಲ್ಲ. ಆದರೆ ಅಮ್ಮ ಈಸ್ಟರ್‌ವರೆಗೂ ಪೂರ್ತಿ ಬಿಡುವವರು. ಪಕ್ಕದ ಮನೆ ಅಕ್ಕ ಪ್ರತಿವರ್ಷ ಕೇಳುತ್ತಾರೆ: "ಇಷ್ಟು ದಿನ ಬರೀ ಸೊಪ್ಪು, ಕಾಳು ತಿಂದ್ರೆ ಮಕ್ಕಳಿಗೆ ನಿತ್ರಾಣ ಆಗಲ್ವಾ?" ಅಮ್ಮನ ಉತ್ತರವೂ ಪ್ರತಿವರ್ಷ ಅದೇ: "ಗುಜ್ಜೆ ಇದೆ, ಹುರುಳಿ ಕಟ್ಟು ಇದೆ, ಇನ್ನೇನು ಬೇಕು?"

ಈ ಉತ್ತರದಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಮೊದಲು ಗುಜ್ಜೆ. ಸರಿಯಾಗಿ ತಪಸ್ಸು ಕಾಲದ ಹೊತ್ತಿಗೇ ಮಲೆನಾಡಿನ ಹಿತ್ತಲುಗಳಲ್ಲಿ ಎಳೆ ಹಲಸು ಬಿಡುತ್ತದೆ. ಮಸಾಲೆ ಅರೆದು ಹಾಕಿದರೆ ಎಳೆಎಳೆಯಾಗಿ ಬಾಯಿಗೆ ಥೇಟ್ ಮಾಂಸದ ಹಾಗೇ ಸಿಗುತ್ತದೆ. ಅದು ನಾರಿನ ಗುಣ, ಪ್ರೋಟೀನಿನದಲ್ಲ. 100 ಗ್ರಾಂ ಗುಜ್ಜೆಯಲ್ಲಿ ಪ್ರೋಟೀನ್ ಹೆಚ್ಚೆಂದರೆ 2-3 ಗ್ರಾಂ. ಅಷ್ಟೇ ತೂಕದ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ! ಗುಜ್ಜೆ ನನಗೂ ಪ್ರಾಣ. ರುಚಿಗೆ ತಿನ್ನೋಣ, ಮಾಂಸದ ಬದಲಿಗೆ ಅಂತ ಬೇಡ.

ಇನ್ನು ಹುರುಳಿ. ನಮ್ಮ ಕಡೆ ಹುರುಳಿಯನ್ನು ಹಂಡೆಯಲ್ಲಿ ಬೇಯಿಸಿ, ಕಟ್ಟನ್ನು ಬಸಿದು ಸಾರಿಗೆ ಇಟ್ಟುಕೊಂಡು, ಕಾಳನ್ನು ಎತ್ತುಗಳಿಗೆ ಹಾಕುತ್ತಿದ್ದರು. ಸತ್ವವೆಲ್ಲ ಕಟ್ಟಿಗೆ ಇಳಿದಿದೆ ಅನ್ನುವ ನಂಬಿಕೆ. ಕಟ್ಟಿಗೆ ಇಳಿಯುವುದು ಬಣ್ಣ, ಘಮ, ಒಂದಿಷ್ಟು ಲವಣ, ಸ್ವಲ್ಪ ಗಂಜಿ. ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಉಳುವ ಎತ್ತಿಗೆ ಕಸುವು ಎಲ್ಲಿಂದ ಬರುತ್ತಿತ್ತು ಅಂತ ಯೋಚಿಸಿ ನೋಡಿ.

ಆದರೆ ಹುರುಳಿ ಒಂದರಿಂದಲೇ ಕೆಲಸ ಪೂರ್ತಿ ಆಗುವುದಿಲ್ಲ. ನನಗೆ ತುಂಬಾ ಇಷ್ಟವಾದ ವಿಷಯ ಇರುವುದು ಇಲ್ಲೇ.

ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದುದು ಗೊತ್ತಲ್ವಾ? 'ಮಲೆನಾಡು' ಅಂತ ಅಚ್ಚು ಹಾಕಬೇಕು. 'ಮ' ಬೇಕಾದಷ್ಟಿದೆ, 'ನಾ', 'ಡು' ರಾಶಿ ಬಿದ್ದಿದೆ, 'ಲೆ' ಮುಗಿದಿದೆ. ಕೆಲಸ ನಿಂತಿತು. ನಮ್ಮ ದೇಹ 20 ಅಮೈನೋ ಆಮ್ಲಗಳೆಂಬ ಮೊಳೆಗಳಿಂದ ಪ್ರೋಟೀನ್ ಜೋಡಿಸುತ್ತದೆ. ಅದರಲ್ಲಿ 9 ಊಟದಿಂದಲೇ ಬರಬೇಕು, ಒಳಗೆ ತಯಾರಾಗುವುದಿಲ್ಲ. ಅಕ್ಕಿಯಲ್ಲಿ ಲೈಸೀನ್ ಎಂಬ ಮೊಳೆ ಕಡಿಮೆ. ಹುರುಳಿಯಲ್ಲಿ ಲೈಸೀನ್ ಧಾರಾಳ, ಮೆಥಿಯೋನೀನ್ ಕಡಿಮೆ. ಅದು ಅಕ್ಕಿಯಲ್ಲಿದೆ, ರಾಗಿಯಲ್ಲಿದೆ, ಎಳ್ಳಿನಲ್ಲಂತೂ ಜಾಸ್ತಿಯೇ ಇದೆ. ಮಾಲೆ ಕಟ್ಟುವಾಗ ಒಬ್ಬರ ಬುಟ್ಟಿಯಲ್ಲಿ ಬರೀ ಮಲ್ಲಿಗೆ, ಇನ್ನೊಬ್ಬರ ಬುಟ್ಟಿಯಲ್ಲಿ ಬರೀ ಕನಕಾಂಬರ ಇದ್ದರೆ ಇಬ್ಬರೂ ಒಟ್ಟಿಗೆ ಕೂರುವುದಿಲ್ಲವೇ, ಹಾಗೆ. ಮಿಕ್ಕ ಮೊಳೆಗಳನ್ನು ನಾಳೆಗೆ ಅಂತ ದೇಹ ಕೊಬ್ಬಿನ ಹಾಗೆ ಕೂಡಿಡುವುದಿಲ್ಲ. ಒಡೆದು ಉರಿಸಿಬಿಡುತ್ತದೆ, ಅದರ ಸಾರಜನಕ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ.

ಇದು ಗೊತ್ತಾದ ಕಥೆ ಕೇಳಬೇಕು. 1914ರಲ್ಲಿ ಅಮೆರಿಕದ ಥಾಮಸ್ ಓಸ್ಬೋರ್ನ್ ಮತ್ತು ಲಫಾಯೆಟ್ ಮೆಂಡೆಲ್ ಎಳೆ ಇಲಿಗಳ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಪ್ರೋಟೀನಾಗಿ ಅವರು ಕೊಟ್ಟಿದ್ದು ಝೀನ್ ಮಾತ್ರ. ನಮ್ಮ ಶಿಕಾರಿಪುರದ ಕಡೆ ಹೊಲತುಂಬ ಕಾಣುವ ಮುಸುಕಿನ ಜೋಳದಲ್ಲಿ ಇರುವುದು ಇದೇ. ಹೊಟ್ಟೆಗೆ ಹಿಟ್ಟಿದ್ದರೂ ಇಲಿಗಳು ಬಡಕಲಾದವು. ಟ್ರಿಪ್ಟೊಫಾನ್ ಸೇರಿಸಿದರು, ತೂಕ ಇಳಿಯುವುದು ನಿಂತಿತು, ಆದರೆ ಬೆಳೆಯಲಿಲ್ಲ. ಜೊತೆಗೆ ಲೈಸೀನ್ ಹಾಕಿದರು. ಬೆಳೆಯತೊಡಗಿದವು! ಇಪ್ಪತ್ತರಲ್ಲಿ ಎರಡು ಮೊಳೆ, ಅಷ್ಟೇ ವ್ಯತ್ಯಾಸ. ಇದನ್ನು ಮೊದಲ ಸಲ ಓದಿದ ದಿನ ನಾನು ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದ್ದೆ. "ಅದಕ್ಕೇ ಅನ್ನಕ್ಕೆ ಸಾರು" ಅಂದರು.

ಅನ್ನ, ಕಾಳು ಎರಡೂ ಒಂದೇ ತಟ್ಟೆಯಲ್ಲಿ ಇರಲೇಬೇಕು ಅನ್ನುವವರಿದ್ದಾರೆ. ಬೇಕಿಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಕಾಳು ಆದರೂ ಸರಿಯೇ, ಒಂದು ದಿನದೊಳಗೆ ದೇಹ ಹೊಂದಿಸಿಕೊಳ್ಳುತ್ತದೆ. ಅಳತೆ ಮೂರು ಪಾಲು ಅಕ್ಕಿಗೆ ಒಂದು ಪಾಲು ಕಾಳು. ಗಿಡಗಳಲ್ಲಿ ಸಿಗದ ಬಿ12 ಬಗ್ಗೆಯೂ ಈ ಕೆಲವು ವಾರಕ್ಕೆ ಚಿಂತೆ ಬೇಡ. ಚೆನ್ನಾಗಿ ಉಂಡುಕೊಂಡಿರುವವರ ಯಕೃತ್ತಿನಲ್ಲಿ ಅದು ವರ್ಷಗಟ್ಟಲೆಗೆ ಸಾಕಾಗುವಷ್ಟಿರುತ್ತದೆ. ಹಾಲು, ಮೊಸರಲ್ಲೂ ಇದೆ.

ಕಬ್ಬಿಣದ ಅಂಶಕ್ಕೆ ಮಾತ್ರ ಸ್ವಲ್ಪ ಗಮನ ಬೇಕು. ಕಾಳಿನಲ್ಲಿರುವ ಫೈಟೇಟ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಕಾಳಿನೊಳಗಿನ ಕಿಣ್ವವೇ ಅದನ್ನು ಒಡೆಯುತ್ತಾ ಹೋಗುತ್ತದೆ. ನಿಂಬೆರಸದ ಸಿ ಜೀವಸತ್ವ ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಕಾಫಿ ಅಡ್ಡಗಾಲು ಹಾಕುತ್ತದೆ, ಊಟದ ಜೊತೆಗೆ ಬೇಡ, ಒಂದೆರಡು ಗಂಟೆ ಬಿಟ್ಟು ಕುಡಿಯಿರಿ.

ಹಾಗಾಗಿ ನಮ್ಮಲ್ಲಿ ಈಗ ಬುಧವಾರ ರಾತ್ರಿಯೇ ಹುರುಳಿ ನೆನೆಯುತ್ತದೆ. ಗುರುವಾರ ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಶುಕ್ರವಾರಕ್ಕೆ ಮೊಳಕೆ. ಸಂಜೆ ಶಿಲುಬೆಯ ಹಾದಿ ಮುಗಿಸಿ ಬಂದು ಕುಕ್ಕರ್ ಇಡುತ್ತೇವೆ. ಕಟ್ಟಿಗೆ ಬೆಳ್ಳುಳ್ಳಿ, ಜೀರಿಗೆಮೆಣಸು ಹಾಕಿ ಸಾರು. ಕಾಳಿಗೆ ಈರುಳ್ಳಿ, ಕಾಯಿತುರಿ ಹಾಕಿ ಪಲ್ಯ. ನಿಂಬೆ ಹಿಂಡುವುದು ಒಲೆಯಿಂದ ಇಳಿಸಿದ ಮೇಲೆ, ಬಿಸಿಗೆ ಸಿ ಜೀವಸತ್ವ ಹಾಳಾಗುತ್ತದೆ. ಮೊನ್ನೆ ಪಕ್ಕದ ಮನೆ ಅಕ್ಕನಿಗೂ ಒಂದು ಬಟ್ಟಲು ಪಲ್ಯ ಕೊಟ್ಟು ಬಂದೆ.