ಮೋಟರ್ ಎತ್ತದೆ ಬೋರ್‌ವೆಲ್ ಒಳಗಿನ ಕಥೆ ತಿಳಿಯಬಹುದೇ?

ಪ್ರಶ್ನೆ: ನಮ್ಮ ಬೋರ್‌ವೆಲ್‌ನಲ್ಲಿ ನೀರು ಅರ್ಧಕ್ಕರ್ಧ ಕಡಿಮೆಯಾಗಿದೆ. ಮೋಟರ್ ಎತ್ತಿಸದೆ ಒಳಗೆ ಏನಾಗಿದೆ ಎಂದು ತಿಳಿಯಲು ಸಾಧ್ಯವೇ? ಇಲ್ಲವೇ ಹೊಸ ಬೋರ್ ಕೊರೆಸಿಬಿಡುವುದೇ ಸರಿಯೇ?

ಉತ್ತರ: ಬಹುಪಾಲು ತಿಳಿಯಬಹುದು. ಮುಳಬಾಗಿಲಿನಿಂದ ಚಿಂತಾಮಣಿಯವರೆಗೆ ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. ನಾನೂ ಇದೇ ಉತ್ತರ ಕೊಡುತ್ತೇನೆ. ಅಷ್ಟರಲ್ಲಿ ಕೇಳಿದವರ ಹೊಲದಲ್ಲಿ ಬೋರ್ ಕೊರೆಯುವ ರಿಗ್ ಲಾರಿ ಬಂದು ನಿಂತಿರುತ್ತದೆ.

ಸಾವಿರ ಅಡಿ ಆಳದಲ್ಲಿ ಇಳಿಬಿಟ್ಟ ಮೋಟರನ್ನು ಕಣ್ಣಿನಿಂದ ನೋಡಬೇಕಾದರೆ ಇಪ್ಪತ್ತು ಅಡಿಯ ಐವತ್ತು ಪೈಪುಗಳನ್ನು ಬಿಚ್ಚಬೇಕು. ಆದರೆ ಒಳಗೆ ಹೋಗುವುದು ಕರೆಂಟು, ಹೊರಗೆ ಬರುವುದು ನೀರು. ಎರಡನ್ನೂ ಅಳೆಯುವುದಕ್ಕೆ ಯಾರೂ ಪಾತಾಳಕ್ಕೆ ಇಳಿಯಬೇಕಾಗಿಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ವೋಲ್ಟೇಜ್ ತೋರಿಸುವ ವೋಲ್ಟ್ ಮೀಟರ್ ಮತ್ತು ಮೋಟರ್ ಎಷ್ಟು ಕರೆಂಟು ಎಳೆಯುತ್ತಿದೆ ಎಂದು ತೋರಿಸುವ ಆಂಪ್ಸ್ ಮೀಟರ್ ಇವೆ. ಧೂಳು ಒರೆಸಿದರೆ ಮುಳ್ಳು ಕಾಣುತ್ತದೆ.

ಈಗ ಆ ಹಳೆಯ ನಂಬಿಕೆಗೆ ಬರುತ್ತೇನೆ: 'ನೀರು ಕಡಿಮೆಯಾಯಿತು ಎಂದರೆ ಬೋರ್ ಬತ್ತಿತು.' ಇದನ್ನು ನಂಬಿ ಸಾಲ ಮಾಡಿದವರು ಇಷ್ಟೊಂದು ಜನರಿರುವಾಗ ಮೆಲ್ಲಗೆ ಹೇಳಿ ಪ್ರಯೋಜನವಿಲ್ಲ. ಬತ್ತುತ್ತಿರುವ ಬೋರಿಗೆ ಅದರದ್ದೇ ಲಕ್ಷಣಗಳಿವೆ. ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ಹಾಕಿದರೆ ಮೊದಲು ಚೆನ್ನಾಗಿ ಬರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಗಾಳಿ ಸೇರಿ, ಉಗುಳಿದ ಹಾಗೆ ಬಿಟ್ಟು ಬಿಟ್ಟು ಬೀಳುತ್ತದೆ. ಅದೇ ಹೊತ್ತಿನಲ್ಲಿ ಆಂಪ್ಸ್ ಮುಳ್ಳು ಕೆಳಗಿಳಿದು ಅಲುಗಾಡತೊಡಗುತ್ತದೆ, ಏಕೆಂದರೆ ಎತ್ತಲು ನೀರಿಲ್ಲದ ಪಂಪಿಗೆ ಭಾರವೂ ಇಲ್ಲ. ಹೀಗೇನೂ ಆಗದೆ ಮೊದಲ ನಿಮಿಷದಿಂದಲೇ ಕಡಿಮೆ ನೀರು ಒಂದೇ ಸಮನೆ ಬರುತ್ತಿದ್ದು, ಆಂಪ್ಸ್ ಎಂದಿನಷ್ಟೇ ಇದ್ದರೆ ಮೊದಲ ಅನುಮಾನ ಪೈಪಿನ ಮೇಲೆ ಇರಲಿ. ಎತ್ತಿದ ನೀರು ದಾರಿಯಲ್ಲೇ ಸೋರಿ ಮತ್ತೆ ಬೋರಿಗೇ ಬೀಳುತ್ತಿರಬಹುದು. ಕೇಸಿಂಗ್ (ಬೋರಿನ ಮೇಲ್ಭಾಗದ ಹೊರ ಕೊಳವೆ) ಬಾಯಿಗೆ ಕಿವಿಗೊಟ್ಟರೆ ಎಷ್ಟೋ ಸಲ ಆ ಸದ್ದೇ ಕೇಳಿಸುತ್ತದೆ.

ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹೊಸದು ಕೂರಿಸಿದ ಮರುದಿನವೇ 'ಬತ್ತಿದ' ಬೋರ್‌ಗಳೂ ಇವೆ! ಅಲ್ಲಿ ಮೂರು ಫೇಸಿನ ವೈರುಗಳ ಕ್ರಮ ಅದಲುಬದಲಾಗಿ ಮೋಟರ್ ಉಲ್ಟಾ ತಿರುಗುತ್ತಿರುತ್ತದೆ. ಮೇನ್ ಆಫ್ ಮಾಡಿ, ತಿಳಿದವರ ಕೈಯಲ್ಲಿ ಎರಡು ವೈರುಗಳನ್ನು ಅದಲುಬದಲು ಮಾಡಿಸಿದರೆ ನೀರು ವಾಪಸ್.

ನಿಜವಾಗಿಯೂ ಗಾಳಿ ಬರುತ್ತಿದ್ದರೂ ಬೋರ್ ಸತ್ತಿದೆ ಎಂದಲ್ಲ. ಹೊರಬರುವ ಪೈಪಿನ ಗೇಟ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬನ್ನಿ. ಒಂದು ಹಂತದಲ್ಲಿ ಗಾಳಿ ನಿಂತು, ಮುಳ್ಳು ಸ್ಥಿರವಾಗಿ, ನೀರು ಸಣ್ಣಗಾದರೂ ಬಿಡದೆ ಬರುತ್ತದೆ. ನಮ್ಮ ಜಿಲ್ಲೆಗಳ ಗಟ್ಟಿ ಕಲ್ಲಿನ ಬಿರುಕುಗಳಿಂದ ನೀರು ಜಿನುಗುವ ವೇಗಕ್ಕಿಂತ ನಿಮ್ಮ ಪಂಪು ಎಳೆಯುವ ವೇಗ ಹೆಚ್ಚು ಎಂದಷ್ಟೇ ಇದರ ಅರ್ಥ. ಡ್ರಿಪ್ ಹಾಕಿದ ಟೊಮೆಟೊಗೆ ಆ ನೀರು ಸಾಕಾಗಲೂಬಹುದು. ಸುಮ್ಮನೆ ನೋಡುತ್ತಾ ನಿಂತರೆ ಇದು ತಿಳಿಯುತ್ತಿರಲಿಲ್ಲ. ಒಂದನ್ನು ಬದಲಿಸಿ, ಇನ್ನೊಂದು ಹೇಗೆ ಬದಲಾಗುತ್ತದೆ ಎಂದು ನೋಡಬೇಕು.

ಉಳಿದವು ಬೇಗ ಹೇಳಿ ಮುಗಿಸುವಂಥವು. ಆಂಪ್ಸ್ ಮೊದಲಿನಿಂದಲೂ ತೀರ ಕಡಿಮೆ, ಅಲುಗಾಟವಿಲ್ಲ, ನೀರೂ ಇಲ್ಲ: ಪಂಪನ್ನು ತಿರುಗಿಸುವ ಶಾಫ್ಟ್, ಅಥವಾ ಅದನ್ನು ಮೋಟರಿಗೆ ಜೋಡಿಸುವ ಕಪ್ಲಿಂಗ್ ಮುರಿದಿರಬಹುದು. ವೋಲ್ಟೇಜ್ ಇಳಿದು ಆಂಪ್ಸ್ ಏರಿದೆ: ದೋಷ ಲೈನಿನದು, ತಕ್ಷಣ ನಿಲ್ಲಿಸಿ. ಒಂದು ಫೇಸಿನಲ್ಲಿ ಆಂಪ್ಸ್ ಸೊನ್ನೆ, ಉಳಿದೆರಡರಲ್ಲಿ ವಿಪರೀತ: ಫ್ಯೂಸ್ ನೋಡಿ. ವೈಂಡಿಂಗ್ ಸುಟ್ಟಿದೆಯೇ ಎಂಬುದನ್ನೂ ಮೆಕ್ಯಾನಿಕ್ ಮೇಲೆಯೇ ನಿಂತು, ಕೇಬಲ್ ತುದಿಗೆ ಮೆಗ್ಗರ್ (ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಿಡಿದು ಹೇಳಬಲ್ಲರು.

ಎಲ್ಲವೂ ಹೀಗೆ ಬಗೆಹರಿಯುವುದಿಲ್ಲ. ಪಂಪಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್ ಸವೆದರೂ, ನೀರಿನ ಮಟ್ಟ ನೂರಾರು ಅಡಿ ಕುಸಿದರೂ ಮೇಲೆ ಕಾಣುವುದು ಹೆಚ್ಚುಕಡಿಮೆ ಒಂದೇ: ಮೊದಲಿನಿಂದಲೇ ನೀರು ಕಡಿಮೆ, ಆಂಪ್ಸ್ ಕೊಂಚ ಕಡಿಮೆ. ಆಗ ಮಟ್ಟ ಅಳೆಯುವ ತಂತಿ ಇಳಿಸಲೇಬೇಕು. ಮಟ್ಟ ಇದ್ದಲ್ಲೇ ಇದ್ದರೆ ಮಾತ್ರ ಪಂಪನ್ನು ಅನುಮಾನಿಸಿ ಎತ್ತಿಸಿ.

ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 'ಎರಡು ಇಂಚು ನೀರಿತ್ತು, ಒಂದು ಇಂಚಿಗೆ ಇಳಿಯಿತು, ಅರ್ಧ ಹೋಯಿತು' ಎಂದು ಬರೆಯುತ್ತೀರಿ. ಕೊರೆಯುವಾಗ ವಿ-ನಾಚ್ ತಗಡಿನಲ್ಲಿ, ಅಂದರೆ ವಿ ಆಕಾರದ ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತದೆ ಎಂದು ನೋಡಿ ಅಳೆದ ಇಂಚಾದರೆ ಹೋಗಿದ್ದು ಅರ್ಧವಲ್ಲ. ತೊಂಬತ್ತು ಡಿಗ್ರಿ ಕಚ್ಚಿನಲ್ಲಿ ಎರಡು ಇಂಚು ಎಂದರೆ ನಿಮಿಷಕ್ಕೆ ಸುಮಾರು 48 ಲೀಟರ್. ಒಂದು ಇಂಚು ಎಂದರೆ ಎಂಟೂವರೆ ಲೀಟರ್ ಮಾತ್ರ. ನೀರು ಐದರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿದಿದೆ. ಹೊಲದಲ್ಲಿ ಪೈಪಿನ ಬಾಯಿ ನೋಡಿ ಅಂದಾಜಿಸುವ ಇಂಚಂತೂ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆದ್ದರಿಂದ ಮುಂದಿನ ಸಲ ಪ್ರಶ್ನೆ ಕಳುಹಿಸುವಾಗ ಇಂಚು ಬೇಡ. 200 ಲೀಟರ್ ಡ್ರಮ್ಮು ಎಷ್ಟು ಹೊತ್ತಿನಲ್ಲಿ ತುಂಬಿತು, ಆಗ ಮೂರೂ ಫೇಸಿನ ವೋಲ್ಟೇಜ್ ಮತ್ತು ಆಂಪ್ಸ್ ಎಷ್ಟಿತ್ತು, ಬೋರ್ ಚೆನ್ನಾಗಿದ್ದಾಗ ಇವೇ ಅಂಕಿಗಳು ಎಷ್ಟಿದ್ದವು ಎಂದು ಬರೆಯಿರಿ. ಕೊನೆಯದು ಗೊತ್ತಿಲ್ಲ ಎನ್ನುವವರೇ ಹೆಚ್ಚು. ಬೋರ್ ಚೆನ್ನಾಗಿರುವವರು ಇವತ್ತೇ ಅಳೆದು, ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಮೈಯಲ್ಲಿ ಬರೆದಿಡಿ.